ರಾತ್ರಿ ತಂಗಿದ ಅನ್ನ

ಶುಕ್ರವಾರ ಮಧ್ಯಾಹ್ನ ಕಳೆಯುತ್ತಿದ್ದಂತೆ ಇಸ್ರೇಲಿನ ರಾಮತ್ ಗನ್‌ನಲ್ಲಿ ಬಸ್ಸುಗಳು ವಿರಳವಾಗುತ್ತವೆ. ಹೊತ್ತು ಮುಳುಗುವ ಮೊದಲು ಹೆಚ್ಚಿನವು ನಿಂತೇಬಿಡುತ್ತವೆ; ಮತ್ತೆ ಹೊರಡುವುದು ಶನಿವಾರ ರಾತ್ರಿ. ಕರಾವಳಿಯಿಂದ ಬಂದು ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ನಮ್ಮಂಥವರು ರಜೆಗೆ ಹೋಗುವುದಿದ್ದರೆ ಅಷ್ಟರೊಳಗೆ ಬಸ್ಸು ಹಿಡಿಯಬೇಕು. ಎಷ್ಟೋ ವಾರ ನಾನು ಹೋಗುವುದಿಲ್ಲ. ಅದು ಸಾವ್ತಾ ಅಡುಗೆಮನೆಗೆ ಬರುವ ಹೊತ್ತು.

ಸಾವ್ತಾ ಅಂದರೆ ಹೀಬ್ರೂವಿನಲ್ಲಿ ಅಜ್ಜಿ. ನಾನು ನೋಡಿಕೊಳ್ಳುವ ಇವರು ಹುಟ್ಟಿದ್ದು ಬಾಗ್ದಾದಿನಲ್ಲಿ. 1950ರಿಂದ ಒಂದೆರಡು ವರ್ಷಗಳಲ್ಲಿ ಇರಾಕಿನ ಸುಮಾರು 1,20,000 ಯಹೂದಿಗಳು ಪೌರತ್ವ ಕಳೆದುಕೊಂಡು ಇಸ್ರೇಲಿಗೆ ವಿಮಾನ ಹತ್ತಿದರಲ್ಲ, ಆಗ ಇವರಿಗೆ ಒಂಬತ್ತು ವರ್ಷ. ಬಂದಿಳಿದ ಮೇಲೆ ಎರಡು ಚಳಿಗಾಲ ಡೇರೆಯಲ್ಲಿ. ಆ ದಿನಗಳ ಮಾತು ಹೆಚ್ಚು ಎತ್ತುವುದಿಲ್ಲ. ಆದರೆ ನನ್ನನ್ನು ಕರೆಯುವುದು ಇವತ್ತಿಗೂ ಅರಬ್ಬಿಯಲ್ಲೇ: ‘ಬಿಂತಿ’, ಮಗಳೇ.

ಶುಕ್ರವಾರ ಹೊತ್ತು ಮುಳುಗಿದಲ್ಲಿಂದ ಶನಿವಾರ ರಾತ್ರಿಯವರೆಗೆ ಶಬ್ಬಾತ್, ಯಹೂದಿಗಳ ವಾರದ ವಿಶ್ರಾಂತಿ ದಿನ. ಆಗ ಮಾಡಬಾರದ ಕೆಲಸಗಳು 39 ಬಗೆಯವು. ಬೆಂಕಿ ಹೊತ್ತಿಸುವಂತಿಲ್ಲ, ಬೇಯಿಸುವಂತಿಲ್ಲ. ಹಾಗೆಂದು ವಾರದ ಹಬ್ಬಕ್ಕೆ ತಣ್ಣಗಿನ ಊಟ ಒಪ್ಪುತ್ತದೆಯೇ? ಶುಕ್ರವಾರವೇ ಇಟ್ಟು, ರಾತ್ರಿಯಿಡೀ ಸಣ್ಣ ಕಾವಿನಲ್ಲಿ ಬಿಡುವ ಅಡುಗೆ ಹುಟ್ಟಿದ್ದು ಹಾಗೆ. ಬಾಗ್ದಾದಿನವರದು ತಬೀತ್. ಕೋಳಿಯ ಹೊಟ್ಟೆಯೊಳಗೆ ಅಕ್ಕಿ, ಸುತ್ತಲೂ ಅಕ್ಕಿ, ಟೊಮೆಟೊ, ಅರಿಶಿನ, ಏಲಕ್ಕಿ, ದಾಲ್ಚಿನ್ನಿ. ಮೊಟ್ಟೆಗಳೂ ಚಿಪ್ಪು ಸಮೇತ ಅದರ ಕಾವಿನಲ್ಲೇ. ಒಲೆಯ ಮೇಲೆ ಕುದಿ ಬಂದ ಮೇಲೆ ಪ್ಲಾಟಾ ಎನ್ನುವ ಕರೆಂಟಿನ ಬಿಸಿ ತಗಡಿಗೆ ಇಳಿಸಿ, ದಪ್ಪ ಬಟ್ಟೆ ಹೊದಿಸುತ್ತೇವೆ.

ಅಕ್ಕಿ ತೊಳೆಯುವುದು, ಕೋಳಿ ಹೊಲಿಯುವುದು ನಾನು. ಪಾತ್ರೆಯನ್ನು ಒಲೆಗೇರಿಸಲು ಮಾತ್ರ ಸಾವ್ತಾ ಅವರದೇ ಕೈ ಬೇಕು. ಯಹೂದಿಯಲ್ಲದ ನಾನೇ ಪೂರ್ತಿ ಬೇಯಿಸಿದರೆ ಅವರ ಕಟ್ಟಳೆಯಲ್ಲಿ ಅದು ಉಣ್ಣತಕ್ಕದ್ದಲ್ಲ. ಮೊದಲ ವಾರ ಇದು ತಿಳಿದಾಗ ಒಳಗೇ ಕುಸಿದೆ. ನನ್ನ ಅಜ್ಜಿ ಊರಿನ ದೊಡ್ಡ ಮನೆಯ ಗದ್ದೆಯಲ್ಲಿ ಜೀವಮಾನವಿಡೀ ನೇಜಿ ನೆಟ್ಟವಳು. ಆ ಮನೆಯ ಜಗಲಿ ಒಮ್ಮೆಯೂ ಹತ್ತಿದವಳಲ್ಲ. ‘ನಿನ್ನ ಕೈ ಬೇಡ’ ಎಂಬ ಮಾತನ್ನು ನನ್ನ ಮೈ ಬಲ್ಲದು. ಆದರೆ ಇಲ್ಲಿ ಅದೇ ಮೇಜಿಗೆ ನನ್ನನ್ನು ಕೂರಿಸಿ, ಮೊದಲು ಬಡಿಸುವುದು ನನಗೆ. ಎರಡೂ ಒಂದೇ ಅಲ್ಲ ಎಂದು ಮನಸ್ಸಿಗೆ ಇಳಿಯಲು ತಿಂಗಳುಗಳೇ ಬೇಕಾದವು. ಈಗ ಅವರ ಕೈ ನಡುಗುತ್ತದೆ. ಪಾತ್ರೆಯ ಹಿಡಿಯನ್ನು ಅವರು ಹಿಡಿಯುತ್ತಾರೆ, ಅವರ ಮಣಿಕಟ್ಟನ್ನು ನಾನು. ಹಾಗೆಯೇ ಇಬ್ಬರೂ ಒಲೆಯವರೆಗೆ ನಡೆಯುತ್ತೇವೆ.

ತಬೀತ್ ಅಂದರೆ ಏನೆಂದು ಒಂದು ದಿನ ಕೇಳಿದೆ. ರಾತ್ರಿ ಉಳಿಯುವುದು, ಅಂದರು. ಸೌಟು ಹಿಡಿದು ನಿಂತೇಬಿಟ್ಟೆ. ನಮ್ಮ ತಂಗಳೂ ಅದೇ ಅಲ್ಲವೇ! ತಂಗಿದ್ದು ತಂಗಳು. ಮಜ್ಜಿಗೆ ಹಾಕಿ, ನೀರುಳ್ಳಿ, ಹಸಿಮೆಣಸು ಕಚ್ಚಿಕೊಂಡು ಉಂಡು ಶಾಲೆಗೆ ಓಡುತ್ತಿದ್ದೆ. ಬೆಳಿಗ್ಗೆ ಏನು ತಿಂದೆ ಎಂದು ಯಾರಾದರೂ ಕೇಳಿದರೆ ಹೇಳಲು ನಾಚಿಕೆ. ಇಲ್ಲಿ ವಾರದ ಅತಿ ದೊಡ್ಡ ಊಟ ಅದೇ ಅರ್ಥದ ಹೆಸರಿನಲ್ಲಿ ಮೇಜಿಗೆ ಬರುತ್ತದೆ.

ಶನಿವಾರ ಬೆಳಿಗ್ಗೆ ಮೊಟ್ಟೆ ಸುಲಿದರೆ ಬಿಳಿಯೆಲ್ಲ ಕಂದು ತಿರುಗಿರುತ್ತದೆ. ಅದಕ್ಕೆ ಹಿಂದಿನ ದಿನ ಕರಿದಿಟ್ಟ ಬದನೆ, ಮೇಲೆ ಆಂಬಾ. ಇದನ್ನೇ ಪಿತಾ ರೊಟ್ಟಿಯೊಳಗೆ ತುಂಬಿ ಸಬಿಖ್ ಎಂದು ಈಗ ದೇಶವೆಲ್ಲ ತಿನ್ನುತ್ತದೆ. ಆಂಬಾ ಅಂದರೆ ಮಾವು, ಮೆಂತೆ, ಅರಿಶಿನದ ಹುಳಿ ಗೊಜ್ಜು. ಮುಂಬಯಿಯಲ್ಲಿ ವ್ಯಾಪಾರಕ್ಕೆ ನೆಲೆಸಿದ ಬಾಗ್ದಾದಿ ಯಹೂದಿಗಳೊಂದಿಗೆ ಇರಾಕಿನ ದಾರಿ ಹಿಡಿದದ್ದು ಎನ್ನುತ್ತಾರೆ. ಹೆಸರಂತೂ ಮರಾಠಿಯದೇ. ನಮ್ಮ ಪಕ್ಕದ ಮನೆಯ ಕೊಂಕಣಿ ಮಾಮಿ ಮಾವಿಗೆ ‘ಆಂಬೊ’ ಅನ್ನುತ್ತಿದ್ದರು ಎಂದೆ. ಸಾವ್ತಾ ಆ ಶಬ್ದವನ್ನು ಎರಡು ಸಲ ಹೇಳಿ ನೋಡಿದರು. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಚಮಚ ಹಾಕಿದರು.

ಸಂಜೆ ಮೂರು ನಕ್ಷತ್ರ ಕಂಡ ಮೇಲೆ ಸಾವ್ತಾ ಅವರ ಮಗ ಬಂದು ಶಬ್ಬಾತ್ ಮುಗಿಸುವ ಪ್ರಾರ್ಥನೆ ಹೇಳುತ್ತಾನೆ. ಲವಂಗದ ಡಬ್ಬಿಯನ್ನು ಮೂಸಿ ಸಾವ್ತಾ ನನ್ನ ಕೈಗೆ ಕೊಡುತ್ತಾರೆ. ಕೆಳಗೆ ಬಸ್ಸಿನ ಸದ್ದು ಮತ್ತೆ ಶುರು. ಊರಿಗೆ ಫೋನು ಹಚ್ಚುತ್ತೇನೆ. ಎಷ್ಟು ಹೊತ್ತಾದರೂ ಅಮ್ಮ ಮಲಗಿರುವುದಿಲ್ಲ.

“ಊಟಕ್ಕೆ ಎಂತ ಇತ್ತು?”

“ತಂಗಳು, ಅಮ್ಮಾ.”

ಮೊದಲ ಸಲ ಹಾಗೆಂದಾಗ ಅವಳು ಗಾಬರಿಯಾಗಿದ್ದಳು. ಈಗ ಕೇಳುವುದು ಒಂದೇ: “ಅಜ್ಜಿಗೆ ಪಾತ್ರೆ ಎತ್ತಲು ಆಯ್ತಾ?”