ಚೆಂಡು ಯಾರ ಅಂಗಳದಲ್ಲಿದೆ?

ಇಂಗ್ಲಿಷಿನಲ್ಲಿ ಎಂ.ಎ. ಮುಗಿಸುವ ಹೊತ್ತಿಗೆ ಆ ಭಾಷೆಯ ನುಡಿಗಟ್ಟುಗಳೆಲ್ಲ ನಮಗೆ ಬಾಯಿಪಾಠವಾಗಿದ್ದವು. ಬಕೆಟ್ ಒದೆಯುವುದೆಂದರೆ ಸಾಯುವುದು. ಬಿಳಿಯಾನೆಯೆಂದರೆ ಸಾಕಲಾಗದ ದುಬಾರಿ ಆಸ್ತಿ. ಪದ ಹೇಳುವುದೊಂದು, ಅರ್ಥ ಇನ್ನೊಂದು. ಈ ಅಂತರವೇ ನುಡಿಗಟ್ಟಿನ ಸೊಗಸೆಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಳಿಸಿದ್ದೆವು. ಅದರೊಳಗೆ ಮನುಷ್ಯರು ಅಡಗಿಕೊಳ್ಳಲೂಬಹುದೆಂದು ತಿಳಿದದ್ದು ಮಾತ್ರ ಬಹಳ ತಡವಾಗಿ, ಪುಣೆಯಲ್ಲಿ, ಕೇಂದ್ರ ಸರ್ಕಾರದ ಕಡತಗಳ ನಡುವೆ.

ಕಚೇರಿಗೆ ತನ್ನವೇ ಆದ ನುಡಿಗಟ್ಟುಗಳುಂಟು. ‘ರೆಡ್ ಟೇಪ್’ ಎಂಬುದು ಒಂದು ಕಾಲಕ್ಕೆ ನಿಜವಾದ ಪಟ್ಟಿಯೇ ಆಗಿತ್ತು. ಇಂಗ್ಲೆಂಡಿನಲ್ಲಿ ಸರ್ಕಾರದ ಮತ್ತು ವಕೀಲರ ಕಾಗದಪತ್ರಗಳನ್ನು ಕೆಂಪು ಬಟ್ಟೆಯ ಪಟ್ಟಿಯಿಂದ ಕಟ್ಟುತ್ತಿದ್ದರು. ಬರಬರುತ್ತ ಪಟ್ಟಿಯ ಹೆಸರು ವಿಳಂಬಕ್ಕೇ ಅಂಟಿಕೊಂಡಿತು. ‘ಪಾಸಿಂಗ್ ದ ಬಕ್’ ಅಮೆರಿಕದ ಇಸ್ಪೀಟು ಮೇಜಿನಿಂದ ಬಂದದ್ದು. ಎಲೆ ಹಂಚುವ ಸರದಿ ಯಾರದೆಂದು ತೋರಿಸುವ ಗುರುತೇ ‘ಬಕ್’. ಬೇಡವಾದವನು ಅದನ್ನು ಪಕ್ಕದವನಿಗೆ ದಾಟಿಸುತ್ತಿದ್ದ. ಅಧ್ಯಕ್ಷ ಟ್ರೂಮನ್ನರಿಗೆ 1945ರಲ್ಲಿ ಉಡುಗೊರೆಯಾಗಿ ಬಂದ ಮೇಜಿನ ಫಲಕ, ಬಕ್ ಇಲ್ಲಿಗೆ ನಿಂತಿತು ಎಂದು ಸಾರುತ್ತಿತ್ತು. ನಮಗೆ ಅಚ್ಚುಮೆಚ್ಚಾಗಿದ್ದದ್ದು ಟೆನಿಸ್ ಆಟದ ಮಾತು: ‘ದ ಬಾಲ್ ಈಸ್ ಇನ್ ದೇರ್ ಕೋರ್ಟ್’. ನಮ್ಮ ಕೆಲಸ ಮುಗಿಯಿತು, ಇನ್ನು ಅವರದು.

ಒಂದು ಮಧ್ಯಾಹ್ನ ಗದಗದ ಕಡೆಯ ವೃದ್ಧೆಯೊಬ್ಬರು ಅಳಿಯನೊಡನೆ ಬಂದರು. ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಕುಟುಂಬ ಪಿಂಚಣಿ ಬಂದಿರಲಿಲ್ಲ. ಕನ್ನಡ ಕಿವಿಗೆ ಬಿದ್ದ ಸಂತೋಷದಲ್ಲಿ ಕುರ್ಚಿ ಎಳೆದು ಕೂರಿಸಿ, ನಮ್ಮ ನೆಚ್ಚಿನ ಮಾತನ್ನೇ ಕನ್ನಡಕ್ಕೆ ತಿರುಗಿಸಿ ಹೇಳಿದೆವು: “ಅವ್ವಾ, ಚೆಂಡು ಈಗ ಅವರ ಅಂಗಳದಲ್ಲಿದೆ.”

ಆಕೆ ಕ್ಷಣಕಾಲ ನಮ್ಮ ಮುಖ ನೋಡಿದರು. “ಯಾವ ಚೆಂಡ್ರೀ ಸಾಹೇಬ್ರ? ನಾ ಪಿಂಚಣಿ ಕೇಳಾಕ ಬಂದೀನಿ. ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ಮಾತಾಡಬ್ಯಾಡ್ರಿ.”

ಅದೂ ನುಡಿಗಟ್ಟೇ. ಆದರೆ ನಮ್ಮದು ಮರೆಮಾಚಿದ್ದನ್ನು ಅದು ಬಯಲಿಗೆ ಎಳೆದಿತ್ತು. ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು. ಇಟ್ಟವನು ಮಾತ್ರ ಯಾವ ಕಡೆಗೂ ಇಲ್ಲ.

ಅವರು ಹೋದ ಮೇಲೆ ಕಡತ ತೆಗೆದೆವು. ಟಿಪ್ಪಣಿಯ ಹಸಿರು ಹಾಳೆಗಳಲ್ಲಿ, ನಾಲ್ಕು ತಿಂಗಳ ಅಂತರದಲ್ಲಿ, ನಮ್ಮದೇ ಕೈಬರಹದಲ್ಲಿ ಅದೇ ವಾಕ್ಯ ಎರಡು ಬಾರಿ ಇತ್ತು. ಇನ್ನೊಂದು ಕಚೇರಿಯ ಪತ್ರವೂ ಇತ್ತು. ಸೇವಾ ಪುಸ್ತಕದಲ್ಲಿ ಆಕೆಯ ಹೆಸರು ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆ. ಎರಡೂ ಒಬ್ಬರದೇ ಎಂದು ನಾವು ದೃಢೀಕರಿಸುವುದನ್ನು ಅವರು ಕಾಯುತ್ತಿದ್ದರು. ಪತ್ರದ ಮೊದಲ ಸಾಲನ್ನಷ್ಟೇ ಓದಿ ಪಕ್ಕಕ್ಕಿಟ್ಟವರು ನಾವೇ. ಚೆಂಡು ಅವರ ಅಂಗಳಕ್ಕೆ ಹೋಗಿಯೇ ಇರಲಿಲ್ಲ. ನಮ್ಮ ಕಾಲ ಬುಡದಲ್ಲೇ ಬಿದ್ದಿತ್ತು.

ಅಂದು ಸಂಜೆಯೇ ದೃಢೀಕರಣ ಪತ್ರ ಹೊರಟಿತು. ಹಿಡಿದದ್ದು ಇಪ್ಪತ್ತು ನಿಮಿಷ. ಎರಡನೆಯ ತಿಂಗಳಿಗೆ ಪಿಂಚಣಿ ಮಂಜೂರಾಯಿತೆಂದು ಅಳಿಯ ಫೋನು ಮಾಡಿ ಧನ್ಯವಾದ ಹೇಳಿದರು. ಆ ಧನ್ಯವಾದವನ್ನು ಎಲ್ಲಿಡಬೇಕೆಂದು ನಮಗೆ ತೋಚಲಿಲ್ಲ.

ಈಗಲೂ ಟಿಪ್ಪಣಿ ಬರೆಯುವಾಗ ಅಂಥ ಮಾತುಗಳು ತಾವಾಗಿಯೇ ಬೆರಳ ತುದಿಗೆ ಬರುತ್ತವೆ. ಬಂದಾಗ, ಅವನ್ನು ಮನಸ್ಸಿನಲ್ಲೇ ಆ ತಾಯಿಗೆ ಕನ್ನಡದಲ್ಲಿ ಹೇಳಿ ನೋಡುತ್ತೇವೆ. ಆಕೆ “ಯಾವ ಚೆಂಡ್ರೀ?” ಎಂದರೆ ಅಳಿಸಿ, ಯಾರು, ಏನನ್ನು, ಯಾವ ತಾರೀಕಿನೊಳಗೆ ಮಾಡಬೇಕೆಂದು ಬರೆಯುತ್ತೇವೆ.