ಇಟಲಿಯ ವಲಸಿಗ, ಇರಾಕಿನ ನಿರಾಶ್ರಿತ

ನಮ್ಮ ವಿದ್ಯಾವಂತ ಕುಟುಂಬಗಳ ಮಾತುಕತೆಯಲ್ಲಿ ಒಂದು ಅಭಿಪ್ರಾಯ ಆಗಾಗ ಕೇಳಿಬರುತ್ತದೆ. ಮಕ್ಕಳು ಅಮೆರಿಕದಲ್ಲೋ ಯುರೋಪಿನಲ್ಲೋ ನೆಲೆಸಿರುವ ಮನೆಗಳಲ್ಲಂತೂ ಅದು ತೀರ್ಪಿನಂತೆಯೇ ಹೊರಬೀಳುತ್ತದೆ. ಇಟಲಿಯವರು ಬರಿಗೈಯಲ್ಲಿ ಹಡಗು ಹತ್ತಿ ಹೋದರು, ಇಂದು ಅವರ ಮೊಮ್ಮಕ್ಕಳು ನ್ಯಾಯಾಧೀಶರು, ಉದ್ಯಮಿಗಳು. ಇರಾಕಿಗಳಾದರೋ ತೈಲದ ನಾಡಿನವರು, ಪದವಿ ಪಡೆದವರು, ಆದರೂ ಸರಕಾರದ ನೆರವಿಗೆ ಕೈಯೊಡ್ಡಿ ಕುಳಿತಿದ್ದಾರೆ. ಇಷ್ಟು ಹೇಳಿದ ಬಳಿಕ ಯಾರಾದರೊಬ್ಬರು ನಿಟ್ಟುಸಿರಿನೊಂದಿಗೆ ಸೇರಿಸುತ್ತಾರೆ: “ನಮ್ಮವರು ಎಲ್ಲಿಗೆ ಹೋದರೂ ಇಷ್ಟೇ.”

ಒಂದು ಸಮುದಾಯದ ಬಗ್ಗೆ ಸಾಕ್ಷ್ಯ ನುಡಿಯುವ ಮುನ್ನ ವಿಷಯವನ್ನು ಪರಿಶೀಲಿಸಬೇಕೆಂಬುದು ನಮ್ಮ ಧರ್ಮದ ಶಿಕ್ಷಣ. ಈ ಹೋಲಿಕೆಯನ್ನೂ ಹಾಗೆ ಪರಿಶೀಲಿಸುವ ಅಗತ್ಯವಿದೆ. ಏಕೆಂದರೆ ಇದನ್ನು ಕೇಳುತ್ತಾ ಬೆಳೆಯುವ ನಮ್ಮ ಮಕ್ಕಳು, ನಿರಾಶ್ರಿತನ ಬಡತನಕ್ಕೆ ಆತನ ಸ್ವಭಾವವೇ ಕಾರಣವೆಂದು ನಂಬತೊಡಗುತ್ತಾರೆ.

ಮೊದಲು ಇಟಲಿಯವರ ವಿಷಯ. 1861ರಲ್ಲಿ ಇಟಲಿ ಒಂದು ರಾಷ್ಟ್ರವಾಯಿತು. ಆದರೆ ಸಿಸಿಲಿ, ಕಲಾಬ್ರಿಯಾ, ಕಂಪಾನಿಯಾ ಮೊದಲಾದ ದಕ್ಷಿಣದ ಪ್ರಾಂತ್ಯಗಳ ರೈತನ ಪಾಲಿಗೆ ಒಗ್ಗೂಡಿಕೆಯ ಫಲವಾಗಿ ಬಂದದ್ದು ಹೆಚ್ಚಿನ ತೆರಿಗೆ ಮತ್ತು ಕಡ್ಡಾಯ ಸೈನಿಕ ಸೇವೆ. ಭೂಮಿ ಜಮೀನ್ದಾರರ ಕೈಯಲ್ಲೇ ಉಳಿಯಿತು. 1876ರಿಂದ 1915ರ ನಡುವೆ ಒಂದು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು ಜನರು ದೇಶ ಬಿಟ್ಟರು. 1913ರ ಒಂದೇ ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಮಂದಿ ಹೊರಟುಹೋದರು. ಅರ್ಜೆಂಟೀನಾ, ಬ್ರೆಜಿಲ್, ಫ್ರಾನ್ಸ್, ಅಮೆರಿಕ ಹೀಗೆ ಕೆಲಸವಿದ್ದಲ್ಲೆಲ್ಲ ಅವರಿದ್ದರು. ಅವರನ್ನು ಕರೆದೊಯ್ಯಲು ‘ಪದ್ರೋನೆ’ ಎಂಬ ದಲ್ಲಾಳಿಗಳಿದ್ದರು. ಹಡಗಿನ ಚೀಟಿಗೆ ಸಾಲ ಕೊಡುವುದು, ಕೆಲಸ ಗೊತ್ತುಮಾಡುವುದು, ಬಳಿಕ ಆ ಕೂಲಿಯಲ್ಲೇ ತನ್ನ ಪಾಲು ಮುರಿದುಕೊಳ್ಳುವುದು ಅವರ ಕಸುಬು. ವೀಸಾ ಏಜೆಂಟರಿಗೆ ತಾಯಿಯ ಬಳೆ ಅಡವಿಟ್ಟು ಹಣ ತೆತ್ತ ನಮ್ಮ ಕರಾವಳಿಯ ಕುಟುಂಬಗಳಿಗೆ ಈ ವ್ಯವಸ್ಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಅವರಿಗೆ ದೊರೆತ ಸ್ವಾಗತವೂ ಸುಖಕರವಾಗಿರಲಿಲ್ಲ. 1891ರ ಮಾರ್ಚ್ 14ರಂದು ನ್ಯೂ ಓರ್ಲಿಯನ್ಸ್ ನಗರದಲ್ಲಿ ಜನಜಂಗುಳಿಯೊಂದು ಸೆರೆಮನೆಗೆ ನುಗ್ಗಿ 11 ಇಟಾಲಿಯನ್ನರನ್ನು ಕೊಂದಿತು. ಪೊಲೀಸ್ ಮುಖ್ಯಸ್ಥನ ಕೊಲೆಯ ಆರೋಪ ಅವರ ಮೇಲಿತ್ತು. ಆದರೆ ಅವರಲ್ಲಿ ಒಬ್ಬನ ಮೇಲೂ ಅಪರಾಧ ಸಾಬೀತಾಗಿರಲಿಲ್ಲ. ಆ ನಗರದ ಮೇಯರ್ ಅಧಿಕೃತವಾಗಿ ಕ್ಷಮೆ ಕೇಳಿದ್ದು 2019ರಲ್ಲಿ. 1893ರಲ್ಲಿ ಫ್ರಾನ್ಸಿನ ಏಗ್-ಮೋರ್ತ್ ಎಂಬಲ್ಲಿ ಉಪ್ಪಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಇಟಾಲಿಯನ್ನರ ಹತ್ಯೆ ನಡೆಯಿತು. 1924ರ ವಲಸೆ ಕಾನೂನು ಅಮೆರಿಕಕ್ಕೆ ಬರಬಹುದಾದ ಇಟಾಲಿಯನ್ನರ ಸಂಖ್ಯೆಯನ್ನು ವರ್ಷಕ್ಕೆ 3,845ಕ್ಕೆ ಇಳಿಸಿತು. ಮೊದಲ ಮಹಾಯುದ್ಧಕ್ಕೆ ಮುಂಚೆ ಕೆಲವು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಬರುತ್ತಿದ್ದರು. ಅಪರಾಧಿ ಜನಾಂಗ, ಕೊಳಕರು, ಧರ್ಮಗುರುವಿನ ಗುಲಾಮರು, ಎಂದಿಗೂ ನಮ್ಮವರಾಗಲಾರರು ಎಂದು ಅಂದು ಅವರ ಬಗ್ಗೆ ಆಡುತ್ತಿದ್ದ ಮಾತುಗಳನ್ನು ಇಂದು ಯಾರ ಬಗ್ಗೆ ಆಡಲಾಗುತ್ತಿದೆಯೆಂಬುದು ಓದುಗರಿಗೆ ತಿಳಿದೇ ಇದೆ.

ಇಷ್ಟಾದರೂ ಅವರು ಮೇಲೆ ಬಂದರು. ಆದರೆ ಅದಕ್ಕೆ ಮೂರು ತಲೆಮಾರು ಹಿಡಿಯಿತು. ಮೊದಲ ತಲೆಮಾರಿನವರು ಸುರಂಗ ಅಗೆದರು, ರೈಲು ಹಳಿ ಹಾಸಿದರು. ಕಾಯಿಲೆ ಬಿದ್ದರೆ ಔಷಧಿಗೆ, ಸತ್ತರೆ ಮಣ್ಣಿಗೆ ಬೇಕಾದ ಖರ್ಚನ್ನು ಊರವರೇ ಕಟ್ಟಿಕೊಂಡ ಪರಸ್ಪರ ಸಹಾಯ ಸಂಘಗಳು ಭರಿಸುತ್ತಿದ್ದವು. ಎರಡನೆಯ ತಲೆಮಾರಿನವರು ಕಾರ್ಖಾನೆ ಮತ್ತು ಕಾರ್ಮಿಕ ಸಂಘಗಳನ್ನು ಸೇರಿದರು. ಎರಡನೆಯ ಮಹಾಯುದ್ಧದ ಬಳಿಕ, ಯುದ್ಧದಿಂದ ಮರಳಿದ ಸೈನಿಕರಿಗೆ ಕಾಲೇಜು ಶಿಕ್ಷಣ ಮತ್ತು ಮನೆಗೆ ನೆರವು ನೀಡಿದ 1944ರ ಕಾನೂನು ಅವರ ಮಕ್ಕಳನ್ನು ಮಧ್ಯಮ ವರ್ಗಕ್ಕೆ ಏರಿಸಿತು. ಪರಿಶ್ರಮ ಇದ್ದೇ ಇತ್ತು. ಅದರ ಜೊತೆಗೆ ಕೈಗಳಿಗಾಗಿ ಹಸಿದಿದ್ದ ಕಾರ್ಖಾನೆಗಳಿದ್ದವು, ಕಾಲಾವಕಾಶವೂ ಇತ್ತು.

ಇವೆಲ್ಲಕ್ಕಿಂತ ದೊಡ್ಡದಾದ ಮತ್ತೊಂದು ಅನುಕೂಲ ಅವರಿಗಿತ್ತು. ಅವರು ಮರಳಿ ಹೋಗಬಹುದಾಗಿತ್ತು. ಅಮೆರಿಕಕ್ಕೆ ಬಂದ ಇಟಾಲಿಯನ್ನರಲ್ಲಿ ಮೂವರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಊರಿಗೆ ಮರಳಿದರು. ಕೆಲವರು ತುಂಡು ಭೂಮಿ ಕೊಂಡರು, ಮನೆ ಕಟ್ಟಿದರು, ಮಗಳ ಮದುವೆ ಮಾಡಿ ಮತ್ತೆ ಹಡಗು ಹತ್ತಿದರು. ಈ ಕಾರಣಕ್ಕಾಗಿಯೇ ಜನರು ಅವರನ್ನು ವಲಸೆ ಹಕ್ಕಿಗಳೆಂದು ಕರೆಯುತ್ತಿದ್ದರು. ಎರಡು ವರ್ಷಕ್ಕೊಮ್ಮೆ ರಜೆಯ ಮೇಲೆ ಬಂದು, ಮನೆಗೆ ತಾರಸಿ ಹಾಕಿಸಿ ಮತ್ತೆ ವಿಮಾನ ಹತ್ತುವ ನಮ್ಮ ಗಲ್ಫ್ ಸಹೋದರರ ಬದುಕು ಇದಕ್ಕಿಂತ ತೀರಾ ಭಿನ್ನವಲ್ಲ.

ಇರಾಕಿನವರ ನಿರ್ಗಮನ ಬೇರೆ ಬಗೆಯದು. ಅಲ್ಲಿ ಜನರು ಕೂಲಿ ಹುಡುಕಿಕೊಂಡು ಹೊರಡಲಿಲ್ಲ. ಎಪ್ಪತ್ತರ ದಶಕದ ಇರಾಕ್ ಹೊರಗಿನವರಿಗೆ ಕೆಲಸ ಕೊಡುತ್ತಿದ್ದ ದೇಶ. 1980ರಿಂದ 1988ರವರೆಗೆ ಇರಾನಿನೊಂದಿಗೆ ಯುದ್ಧ, 1988ರಲ್ಲಿ ಹಲಬ್ಜಾದ ಕುರ್ದರ ಮೇಲೆ ವಿಷಾನಿಲ, 1991ರ ಬಂಡಾಯ ಮತ್ತು ಅದರ ದಮನ, 2003ರವರೆಗೆ ಆರ್ಥಿಕ ದಿಗ್ಬಂಧನ, ಆ ಬಳಿಕ ಅಮೆರಿಕದ ಆಕ್ರಮಣ. ಪ್ರತಿಯೊಂದು ದುರಂತವೂ ಬೇರೆ ಬೇರೆ ಜನವರ್ಗವನ್ನು ಹೊರದಬ್ಬಿತು. ದಿಗ್ಬಂಧನದ ಕಾಲದಲ್ಲಿ ಪ್ರಾಧ್ಯಾಪಕರು ತಮ್ಮ ಪುಸ್ತಕಗಳನ್ನು ಬಗ್ದಾದಿನ ಬೀದಿಯಲ್ಲಿ ಮಾರಿದರು. 2006ರ ಫೆಬ್ರವರಿಯಲ್ಲಿ ಸಾಮರ್ರಾದ ಅಸ್ಕರಿ ಮಸೀದಿಯ ಸ್ಫೋಟದ ಬಳಿಕ ಪಂಥೀಯ ಹಿಂಸೆ ಮಿತಿಮೀರಿತು. 2007ರ ವೇಳೆಗೆ ದೇಶದ ಹೊರಗೆ ಸುಮಾರು 20 ಲಕ್ಷ ಇರಾಕಿಗಳಿದ್ದಾರೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಅಂದಾಜಿಸಿತು. ಒಳಗೆ ಮನೆ ಕಳೆದುಕೊಂಡು ಅಲೆಯುತ್ತಿದ್ದವರ ಸಂಖ್ಯೆಯೂ ಸುಮಾರು ಅಷ್ಟೇ ಇತ್ತು.

ಅವರಲ್ಲಿ ಹೆಚ್ಚಿನವರು ಮೊದಲು ಹೋದದ್ದು ಸಿರಿಯಾ ಮತ್ತು ಜೋರ್ಡಾನಿಗೆ. ತಾವೇ ಬಡವಾಗಿದ್ದ ಆ ಎರಡು ದೇಶಗಳು ಶ್ರೀಮಂತ ರಾಷ್ಟ್ರಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಜನರಿಗೆ ಬಾಗಿಲು ತೆರೆದವು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅಲ್ಲಿ ಅವರು ‘ಅತಿಥಿ’ಗಳಾಗಿದ್ದರು. ಅತಿಥಿಗೆ ಕಾನೂನುಬದ್ಧವಾಗಿ ದುಡಿಯುವ ಹಕ್ಕಿರಲಿಲ್ಲ. ಮನೆ ಮಾರಿ ತಂದ ಹಣ ಬಾಡಿಗೆಯಲ್ಲೇ ಕರಗಿತು. ಮುಂದೆ ಸ್ವೀಡನ್, ಜರ್ಮನಿ, ಅಮೆರಿಕಗಳನ್ನು ತಲುಪಿದವರು ಇಟಲಿಯವರಂತೆ ಕೈಬಲವೊಂದನ್ನೇ ನಂಬಿ ಬಂದ ಯುವಕರಾಗಿರಲಿಲ್ಲ. ಅವರಲ್ಲಿ ವಿಧವೆಯರಿದ್ದರು, ವೃದ್ಧರಿದ್ದರು, ಕಣ್ಣೆದುರೇ ಮನೆಯವರನ್ನು ಕಳೆದುಕೊಂಡವರಿದ್ದರು. ಅಮೆರಿಕಕ್ಕೆ ಅವರು ದೊಡ್ಡ ಸಂಖ್ಯೆಯಲ್ಲಿ ಬಂದಿಳಿದದ್ದು 2008ರ ಆರ್ಥಿಕ ಕುಸಿತದ ನಡುವೆ. ಕೈಗಳಿಗಾಗಿ ಹಸಿದಿದ್ದ ಕಾರ್ಖಾನೆಗಳು ಆ ಹೊತ್ತಿಗೆ ಬೀಗ ಹಾಕಿಕೊಳ್ಳುತ್ತಿದ್ದವು.

ಒಂದೇ ನಾಡಿನವರ ಪಾಡು ಅವರು ಹೊರಟ ಕಾಲ ಮತ್ತು ಕಾರಣಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆಂಬುದಕ್ಕೆ ಡೆಟ್ರಾಯಿಟ್ ನಗರವೇ ನಿದರ್ಶನ. ಉತ್ತರ ಇರಾಕಿನ ತೆಲ್ ಕೈಫ್ ಎಂಬ ಊರಿನ ಕಲ್ದಾನಿ ಕ್ರೈಸ್ತರು ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಅಲ್ಲಿಗೆ ಬರತೊಡಗಿದ್ದರು. ಒಬ್ಬನ ದಿನಸಿ ಅಂಗಡಿಯಲ್ಲಿ ಇನ್ನೊಬ್ಬ ದುಡಿದು, ಕಲಿತು, ತನ್ನದೇ ಅಂಗಡಿ ತೆರೆದು, ಇಂದು ಆ ಪ್ರದೇಶದ ದಿನಸಿ ವ್ಯಾಪಾರದಲ್ಲಿ ಅವರು ಪ್ರಬಲರು. ಅದೇ ಇರಾಕಿನಿಂದ, 1991ರ ಬಂಡಾಯದ ಬಳಿಕ ಸೌದಿ ಅರೇಬಿಯದ ರಫ್‌ಹಾ ಶಿಬಿರದಲ್ಲಿ ಮುಳ್ಳುತಂತಿಯ ಒಳಗೆ ವರ್ಷಗಳನ್ನು ಕಳೆದು ಡಿಯರ್‌ಬಾರ್ನ್‌ಗೆ ಬಂದ ಶಿಯಾ ಮುಸ್ಲಿಮರ ಬದುಕು ಬಹುಕಾಲ ಕಷ್ಟದಲ್ಲೇ ಸಾಗಿತು. 2003ರ ಬಳಿಕ ಕಲ್ದಾನಿ ಕ್ರೈಸ್ತರೇ ನಿರಾಶ್ರಿತರಾಗಿ ಬಂದಾಗ ಅವರಿಗೂ ಇಂಥ ಕಷ್ಟಗಳೇ ಎದುರಾದವು. ಧರ್ಮ ಇಲ್ಲಿ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಆ ನಗರದ ಉತ್ತರಕ್ಕಿರುವ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನನ್ನ ಮಗನ ಮನೆಯಿದೆ. ಒಂದು ಬೇಸಗೆ ನಾನು ಅಲ್ಲಿದ್ದೆ. ನೆರೆಮನೆಯ ಹಿರಿಯರ ಅಜ್ಜ ಕಲಾಬ್ರಿಯಾದವರು. ಅಮೆರಿಕಕ್ಕೆ ಮೂರು ಬಾರಿ ಬಂದವರಂತೆ ಅವರು. ಎರಡು ಬಾರಿ ಊರಿಗೆ ಮರಳಿ, ಮೂರನೆಯ ಬಾರಿ ಹೆಂಡತಿಯೊಂದಿಗೆ ಬಂದು ನಿಂತರು. ಟೊಮೆಟೊ ಬೆಳೆದು ನಮ್ಮ ಮನೆಗೂ ಕೊಡುತ್ತಿದ್ದ ಆ ಸಜ್ಜನರು ಹೊಸದಾಗಿ ಬಂದ ಇರಾಕಿಗಳ ಬಗ್ಗೆ ಮಾತ್ರ, “ಇವರು ನಮ್ಮ ಹಾಗೆ ಬೆರೆಯುವವರಲ್ಲ” ಎನ್ನುತ್ತಿದ್ದರು.

ಮಸೀದಿಯಲ್ಲಿ ನನ್ನ ಪಕ್ಕದಲ್ಲಿ ನಮಾಝ್‌ಗೆ ನಿಲ್ಲುತ್ತಿದ್ದವರು ಬಸ್ರಾದವರು. ಊರಿನ ನೀರು ಸರಬರಾಜು ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು ಇಲ್ಲಿ ರಾತ್ರಿ ಪಾಳಿಯಲ್ಲಿ ಗೋದಾಮಿನ ಕೆಲಸ ಮಾಡುತ್ತಿದ್ದರು. ಅವರ ಪದವಿಗೆ ಇಲ್ಲಿ ಮಾನ್ಯತೆ ಪಡೆಯಲು ಮತ್ತೆ ಪರೀಕ್ಷೆಗಳು, ಶುಲ್ಕ, ಭಾಷೆ, ಎಲ್ಲವೂ ಬೇಕಿತ್ತು. ಆಗಲೇ ಐವತ್ತು ದಾಟಿತ್ತು. ಮೂವರು ಮಕ್ಕಳ ಓದು ಮುಂದಿತ್ತು. ನನ್ನ ಹರಕುಮುರುಕು ಅರಬಿಯನ್ನು ಕೇಳಿ ಎಲ್ಲಿ ಕಲಿತಿರಿ ಎಂದರು. ಕುವೈಟಿನಲ್ಲಿ ಎಂದೆ. 1990ರ ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ಬಂದಾಗ ನಾನು ಅಲ್ಲಿನ ಅಂಗಡಿಯೊಂದರಲ್ಲಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಾನೂ ಇದ್ದೆ. ಪದವಿ ಮುಗಿದ ವರ್ಷವೇ ಸೈನ್ಯಕ್ಕೆ ಎಳೆದುಕೊಂಡು ಹೋಗಿದ್ದರು.”

ಆ ವರ್ಷ ನಾವು ಬಸ್ಸಿನಲ್ಲಿ ಬಸ್ರಾ, ಬಗ್ದಾದ್ ಹಾದು ಜೋರ್ಡಾನಿನ ಗಡಿ ಸೇರಿದ್ದೆವು. ಮರಳಿನ ಮೇಲಿನ ಡೇರೆಗಳಲ್ಲಿ ಕಾದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತಿದೆವು. ಹಾಗೆ ಮರಳಿದ ಭಾರತೀಯರು 1,70,000ಕ್ಕೂ ಹೆಚ್ಚು. ಕೈಯಲ್ಲಿ ಏನೂ ಉಳಿದಿರಲಿಲ್ಲ. ಆದರೆ ನಮ್ಮನ್ನು ಕರೆತರಲು ಒಂದು ದೇಶವಿತ್ತು, ಕರಾವಳಿಯಲ್ಲಿ ಒಂದು ಮನೆಯಿತ್ತು, ಅಂಗಳದಲ್ಲಿ ತಾಯಿ ಇದ್ದರು. ಯುದ್ಧ ಮುಗಿದು ಎರಡು ವರ್ಷಗಳ ಬಳಿಕ ನಾನು ಮತ್ತೆ ಕುವೈಟಿಗೆ ಹೋದೆ, ಮಗನನ್ನು ಓದಿಸಿದೆ. ನಮ್ಮನ್ನು ಹೊರದಬ್ಬಿದ ಸೈನ್ಯದ ಸಾಲಿನಲ್ಲಿ ಬಲವಂತವಾಗಿ ನಿಂತಿದ್ದ ಆ ಯುವಕನಿಗೆ ಮರಳಲು ಊರೇ ಉಳಿಯಲಿಲ್ಲ. ನಾನು ಡೇರೆಯಲ್ಲಿದ್ದದ್ದು ಕೆಲವೇ ದಿನ. ಅವರು ಡಮಾಸ್ಕಸ್‌ನ ಬಾಡಿಗೆ ಕೋಣೆಯಲ್ಲಿ ನಾಲ್ಕು ವರ್ಷ ಕಾದವರು. ನನ್ನ ಶ್ರಮ ಅವರ ಶ್ರಮಕ್ಕಿಂತ ಹೆಚ್ಚಿನದೆಂದು ಹೇಳುವ ಧೈರ್ಯ ನನಗಿಲ್ಲ. ಇಟಲಿಯವರ ಯಶಸ್ಸನ್ನು ತೋರಿಸಿ ಇರಾಕಿಗಳನ್ನು ಹಳಿಯುವ ಮಾತು ಕೇಳಿದಾಗಲೆಲ್ಲ ಅವರು ನೆನಪಾಗುತ್ತಾರೆ.

ಈ ಎರಡು ಚರಿತ್ರೆಗಳು ಪರಸ್ಪರ ಸಂಧಿಸಿದ ಒಂದು ಊರೂ ಇದೆ. ಅದು ಕಲಾಬ್ರಿಯಾದ ರಿಯಾಚೆ. ದಶಕಗಳ ವಲಸೆಯಿಂದ ಮನೆಗಳು ಖಾಲಿಯಾಗಿ, ಶಾಲೆ ಮುಚ್ಚುವ ಸ್ಥಿತಿಗೆ ಬಂದಿದ್ದ ಹಳ್ಳಿ. 1998ರಲ್ಲಿ ಅದರ ಕಡಲತೀರಕ್ಕೆ ಸುಮಾರು 200 ಕುರ್ದ್ ನಿರಾಶ್ರಿತರಿದ್ದ ದೋಣಿಯೊಂದು ಬಂತು. ಅಮೆರಿಕಕ್ಕೂ ಅರ್ಜೆಂಟೀನಾಕ್ಕೂ ಹೋದವರು ಬಿಟ್ಟುಹೋದ ಮನೆಗಳಲ್ಲಿ ಹೊಸಬರಿಗೆ ಜಾಗ ಕೊಡಬೇಕೆಂದು ಹೊರಟವರು ದೊಮೆನಿಕೊ ಲುಕಾನೊ. ಮುಂದೆ ಅವರೇ ಊರಿನ ಮೇಯರ್ ಆದರು. ಕುಂಬಾರಿಕೆ, ನೇಯ್ಗೆಯ ಕಾರ್ಯಾಗಾರಗಳು ತೆರೆದವು, ಶಾಲೆಯಲ್ಲಿ ಮತ್ತೆ ಮಕ್ಕಳಾದರು. ಅದೇ ಕೆಲಸಕ್ಕಾಗಿ ಅವರು ಮೊಕದ್ದಮೆಯನ್ನೂ ಎದುರಿಸಬೇಕಾಯಿತು. 2021ರಲ್ಲಿ ವಿಧಿಸಲಾದ 13 ವರ್ಷಗಳಿಗೂ ಮೀರಿದ ಸೆರೆವಾಸವನ್ನು ಮೇಲ್ಮನವಿ ನ್ಯಾಯಾಲಯ 2023ರಲ್ಲಿ 18 ತಿಂಗಳ ಅಮಾನತು ಶಿಕ್ಷೆಗೆ ಇಳಿಸಿತು. ತನ್ನವರ ವಲಸೆಯನ್ನು ನೆನಪಿಟ್ಟುಕೊಂಡ ಊರು ಇನ್ನೊಬ್ಬರ ವಲಸೆಯನ್ನು ಅರ್ಥಮಾಡಿಕೊಳ್ಳಬಲ್ಲದೆಂದು ರಿಯಾಚೆ ತೋರಿಸಿತು. ಅದೇ ಇಟಲಿಯಲ್ಲಿ ಆ ನೆನಪನ್ನು ಅಳಿಸಿಹಾಕಿದ ರಾಜಕೀಯವೂ ಅಷ್ಟೇ ಬಲವಾಗಿದೆ.

ಮುಸ್ಲಿಮರ ಪಂಚಾಂಗ ಆರಂಭವಾಗುವುದು ಒಂದು ವಲಸೆಯಿಂದ. ಮದೀನಾಕ್ಕೆ ಬಂದ ಮುಹಾಜಿರ್‌ಗಳಲ್ಲಿ ಮಕ್ಕಾದ ಸ್ಥಿತಿವಂತ ವ್ಯಾಪಾರಿಗಳಿದ್ದರು. ಅವರೂ ಎಲ್ಲವನ್ನೂ ಬಿಟ್ಟು ಬಂದಿದ್ದರು. ಪ್ರವಾದಿ ಮುಹಮ್ಮದ್(ಸ)ರು ಒಬ್ಬೊಬ್ಬ ಮುಹಾಜಿರ್‌ನನ್ನು ಒಬ್ಬೊಬ್ಬ ಅನ್ಸಾರಿಯ ಸಹೋದರನನ್ನಾಗಿ ಮಾಡಿದರು. ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಮುಂದಿಟ್ಟಾಗ, ಅವರು ಪ್ರಾರ್ಥನೆಯೊಂದಿಗೆ ಅದನ್ನು ನಿರಾಕರಿಸಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ತುಪ್ಪ ಮತ್ತು ಒಣಮೊಸರಿನ ಚಿಕ್ಕ ವ್ಯಾಪಾರದಿಂದ ಮತ್ತೆ ಶ್ರೀಮಂತರಾದರು. ಈ ಘಟನೆಯನ್ನು ನಾವು ಸ್ವಾವಲಂಬನೆಯ ಪಾಠವಾಗಿ ಮಕ್ಕಳಿಗೆ ಹೇಳುತ್ತೇವೆ, ಅದು ಸರಿಯೇ. ಆದರೆ ಅದರಲ್ಲಿ ಇನ್ನೆರಡು ಸಂಗತಿಗಳಿವೆ. ಅರ್ಧವನ್ನು ಕೊಡಲು ಸಿದ್ಧನಾದ ಒಬ್ಬ ಸ್ಥಳೀಯನಿದ್ದ. ಹೊಸಬನಿಗೂ ತೆರೆದಿದ್ದ ಒಂದು ಮಾರುಕಟ್ಟೆಯಿತ್ತು. ಜೋರ್ಡಾನಿನಲ್ಲೂ ಸಿರಿಯಾದಲ್ಲೂ ಇರಾಕಿಗಳಿಗೆ ಆಶ್ರಯ ದೊರೆತರೂ ಮಾರುಕಟ್ಟೆಯ ಬಾಗಿಲು ಮುಚ್ಚಿತ್ತು. ಅಮೆರಿಕದಲ್ಲಿ ಕಾನೂನು ದುಡಿಯಲು ಬಿಟ್ಟರೂ ಅವರ ವಿದ್ಯೆಗೆ ಬೆಲೆ ಸಿಗಲಿಲ್ಲ.

ಈಗ ನಮ್ಮ ಊರಿನ ಕಡೆ ನೋಡೋಣ. ಕರಾವಳಿಯ ಕಟ್ಟಡಗಳಲ್ಲಿ, ಮೀನುಗಾರಿಕಾ ಬಂದರುಗಳಲ್ಲಿ, ಹೋಟೆಲುಗಳ ಹಿಂಬದಿಯಲ್ಲಿ ಬಂಗಾಳ, ಬಿಹಾರ, ಅಸ್ಸಾಮಿನ ಯುವಕರು ದುಡಿಯುತ್ತಿದ್ದಾರೆ. ಅವರಲ್ಲಿ ಅನೇಕರು ಜುಮಾ ದಿನ ನಮ್ಮ ಮಸೀದಿಯ ಕೊನೆಯ ಸಾಲಿನಲ್ಲಿ ನಿಂತು, ಸಲಾಮ್ ಮುಗಿಯುತ್ತಲೇ ಎದ್ದು ಹೋಗುತ್ತಾರೆ. ಗಲ್ಫಿನ ಹಣದಿಂದ ಕಟ್ಟಿದ ನಮ್ಮ ಮನೆಗಳನ್ನು ಗಾರೆ ಮಾಡಿದ್ದು ಅವರ ಕೈಗಳೇ. ಅವರ ಕೂಲಿಯಲ್ಲಿ ಪಾಲು ಮುರಿದುಕೊಳ್ಳುವ ಪದ್ರೋನೆಗಳು ಇಲ್ಲಿಯೂ ಇದ್ದಾರೆ. ಅವರ ಬಗ್ಗೆ ನಮ್ಮ ಬಾಯಿಂದ ಬರುವ ಮಾತುಗಳು ಎಷ್ಟೋ ಬಾರಿ ಸ್ಟರ್ಲಿಂಗ್ ಹೈಟ್ಸ್‌ನ ಆ ಹಿರಿಯರ ಮಾತುಗಳೇ ಆಗಿರುತ್ತವೆ.

ಝಕಾತಿನ ಎಂಟು ಹಕ್ಕುದಾರರಲ್ಲಿ ಪಥಿಕನೂ ಒಬ್ಬ. ಪ್ರತಿ ಜಮಾಅತ್ ತನ್ನ ವ್ಯಾಪ್ತಿಯಲ್ಲಿ ದುಡಿಯುವ ಹೊರನಾಡಿನವರೆಷ್ಟು, ಅವರ ಕೂಲಿ ಸಕಾಲಕ್ಕೆ ಸಿಗುತ್ತಿದೆಯೇ, ಕುಟುಂಬದೊಂದಿಗೆ ಬಂದವರ ಮಕ್ಕಳು ಶಾಲೆಗೆ ಸೇರಿದ್ದಾರೆಯೇ ಎಂದು ಈ ವರ್ಷ ಒಂದು ಲೆಕ್ಕ ಮಾಡಲಿ. ಕೂಲಿ ಬಾಕಿಯಿದ್ದರೆ ಗುತ್ತಿಗೆದಾರನೊಂದಿಗೆ ಮಾತನಾಡಲು ಹಿರಿಯರು ಮುಂದಾಗಲಿ. ಹೆಚ್ಚಿನ ಕಡೆ ಆ ಗುತ್ತಿಗೆದಾರ ನಮ್ಮ ಪರಿಚಯದವನೇ ಆಗಿರುತ್ತಾನೆ. ಅಲ್ಲಾಹನು ನಮ್ಮ ಮಕ್ಕಳ ಪರದೇಶದ ದಾರಿಗಳನ್ನು ಸುಗಮಗೊಳಿಸಲಿ. ನಮ್ಮ ಊರಿಗೆ ಬಂದ ಪರದೇಶಿಯ ದಾರಿಯನ್ನು ಸುಗಮಗೊಳಿಸುವ ಮನಸ್ಸನ್ನು ನಮಗೆ ದಯಪಾಲಿಸಲಿ.