ಬೆಳಗಿನ ಜಾವದ ಆಟ

ಅಮೆರಿಕದಲ್ಲಿ ಓದುತ್ತಿರುವ ನನ್ನ ಮಗಳು ಕಾಲೇಜಿನ ಫುಟ್‌ಬಾಲ್ ತಂಡದಲ್ಲಿದ್ದಾಳೆ. ಅಲ್ಲಿ ಅದಕ್ಕೆ ಸಾಕರ್ ಅಂತಾರೆ. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಕಡೆ ಸಂಜೆ 7ಕ್ಕೆ ಆಟವೆಂದರೆ ನಮಗೆ ಬೆಳಗಿನ ಜಾವ 4.30. ನಿದ್ದೆಗೆಡುವುದು ನಮಗೇನು ಹೊಸದೇ, ಹೇಳಿ?

ತೊಡಕೆಲ್ಲ ಚಂದಾದ್ದು. ಕಾಲೇಜು ಒಕ್ಕೂಟಗಳಲ್ಲಿ ಹಲವಕ್ಕೆ ಬೇರೆ ಪ್ರಸಾರ, ಬೇರೆ ದರ. ಇಎಸ್‌ಪಿಎನ್ ಪ್ಲಸ್ 2018ರಲ್ಲಿ ತಿಂಗಳಿಗೆ 4.99 ಡಾಲರಿಗೆ ಶುರುವಾಗಿ, 2024ರೊಳಗೆ ಎರಡರಷ್ಟು ದಾಟಿತು. ಅದೂ ಅಮೆರಿಕದೊಳಗಿದ್ದವರಿಗೆ ಮಾತ್ರವಾಗಿತ್ತು. ಸಾಸಿವೆ ಡಬ್ಬಿಯ ದುಡ್ಡು ಯಜಮಾನರ ಕೈಗಿತ್ತು ಇನ್ನೊಂದು ಕಡೆ ಕಟ್ಟಿಸಿದೆ. ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಅಂತ ಬಂತು. ಕಣ್ಣು ತುಂಬಿತು.

ಮಗಳೇ ದಾರಿ ತೋರಿದಳು: ಕೆಲವು ಸಣ್ಣ ಕಾಲೇಜುಗಳು ತಮ್ಮ ಮೈದಾನದ ಆಟವನ್ನು ಪುಕ್ಕಟೆ ತೋರಿಸ್ತವೆ. ಮೊನ್ನೆ ಅಂಥಲ್ಲಿ ಇವಳ ತಂಡ ಆಡಿತು. ಒಲೆ ಹಚ್ಚದೆ ನೋಡಿದೆ. ಬಿದ್ದಳು, ಮಂಡಿ ಒರೆಸಿಕೊಂಡು ಎದ್ದಳು. ನನಗಷ್ಟು ಸಾಕು. ನೀವೂ ದುಡ್ಡು ಕಟ್ಟುವ ಮುಂಚೆ, ನಮ್ಮಲ್ಲಿ ಕಾಣಿಸುತ್ತದೋ ಇಲ್ಲವೋ ವಿಚಾರಿಸಿ.